ರಂಗಪ್ಪನ ಮರ್ಯಾದಸ್ಥ ಸಾವು

ನಮ್ಮ ಕಡೂರಿನಲ್ಲಿ ಆ ಕಾಯಿಲೆಯಿಂದ ಇಲ್ಲಿಯವರೆಗೆ ಒಬ್ಬರೂ ಸತ್ತಿಲ್ಲ. ತರೀಕೆರೆಯವರನ್ನು ಕೇಳಿ, ಅಜ್ಜಂಪುರದವರನ್ನು ಕೇಳಿ, ಇದೇ ಉತ್ತರ ಬರುತ್ತದೆ. ಜಾಂಡೀಸ್‌ನಿಂದ ಸತ್ತಿದ್ದಾರೆ, ನಿಮೋನಿಯಾದಿಂದ ಸತ್ತಿದ್ದಾರೆ, ದಾಯಾದಿಗಳು ಮಾಡಿಸಿದ ಮಾಟದಿಂದ ಒಣಗಿ ಸತ್ತಿದ್ದಾರೆ. ಎಚ್‌ಐವಿಯಿಂದ ಮಾತ್ರ ಯಾರೂ ಇಲ್ಲ. ಆ ಕಾಯಿಲೆ ಇರುವುದು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಬಣ್ಣ ಮಾಸಿದ ಸರ್ಕಾರಿ ಜಾಹೀರಾತಿನಲ್ಲಿ ಮಾತ್ರ ಎಂಬ ನಂಬಿಕೆಯಲ್ಲಿ ನಾವು ಸುಖವಾಗಿದ್ದೇವೆ.

ಈ ಸುಖದ ಒಳಹೊರಗನ್ನು ಬಲ್ಲವನೆಂದರೆ ಶಾಮಿಯಾನದ ರಂಗಪ್ಪ. ಮದುವೆ, ಗೃಹಪ್ರವೇಶ, ಪಾರ್ಟಿ ಮೀಟಿಂಗು, ಸಾವು, ತಿಥಿ ಯಾವುದಾದರೂ ಸರಿ, ಪೆಂಡಾಲು ಅವನದು, ಕುರ್ಚಿ ಅವನದು, ಅನ್ನ ಬೇಯುವ ಕೊಪ್ಪರಿಗೆಯೂ ಅವನದು. ಟೆಂಪೋದ ಹಿಂದೆ ಮನೆದೇವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಪ್ರೊಪ್ರೈಟರ್ ರಂಗಪ್ಪ' ಎಂದು ಬರೆಸಿದ್ದ. ಮದುವೆ ಮನೆಯಲ್ಲಿ ಹೆಣ್ಣಿನ ತಂದೆ ಇನ್ನೂ ಬನಿಯನ್‌ನಲ್ಲಿ ಓಡಾಡುತ್ತಿರುವಾಗ ಇವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದ. ಪರಊರಿನವರು ಎಷ್ಟೋ ಸಲ ಇವನನ್ನೇ ಯಜಮಾನನೆಂದು ತಿಳಿದು ಮುಯ್ಯಿಯ ಕವರನ್ನು ಇವನ ಕೈಗಿಟ್ಟು ಕೈಮುಗಿದದ್ದುಂಟು. ರಂಗಪ್ಪ ತಪ್ಪು ತಿಳಿವಳಿಕೆಯನ್ನು ತಕ್ಷಣ ಸರಿಪಡಿಸುತ್ತಿರಲಿಲ್ಲ. ಒಂದು ಗಳಿಗೆ ಗಂಭೀರವಾಗಿ ಹಿಡಿದುಕೊಂಡು, ಊಟ ಮಾಡದೆ ಹೋಗಕೂಡದೆಂದು ತಾಕೀತು ಮಾಡಿ, ಆಮೇಲೆ ಕವರನ್ನು ಸಂಬಂಧಪಟ್ಟವರಿಗೆ ತಲುಪಿಸುತ್ತಿದ್ದ.

ಸಾವಿನ ಮನೆಯಲ್ಲಿ ಈ ದರ್ಬಾರಿಗೆ ಅವಕಾಶವಿಲ್ಲ. ಅಲ್ಲಿ ಅವನ ಜಾಗ ಏಣಿಯ ಮೇಲೆ. ಹಗ್ಗ ಬಿಗಿಯುತ್ತಾ ಕೆಳಗೆ ನಡೆಯುವ ಮಾತನ್ನು ಕೇಳಿಸಿಕೊಳ್ಳುವುದು ಅವನ ಪದ್ಧತಿ. ಬಂದವರು ಮೊದಲು ಹೆಣ ನೋಡುತ್ತಾರೆ, ಆಮೇಲೆ ಹೂವಿನ ಹಾರ, ಆಮೇಲೆ ಮನೆಯವರ ಪಕ್ಕ ಕುಕ್ಕರುಗಾಲಲ್ಲಿ ಕೂತು ದನಿ ಇಳಿಸಿ ಏನಾಗಿತ್ತು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಬರುವ ಉತ್ತರಗಳನ್ನು ವರ್ಷಗಟ್ಟಲೆ ಮೇಲಿನಿಂದ ಕೇಳಿ ಕೇಳಿ ರಂಗಪ್ಪ ಸಾವುಗಳಿಗೆ ಒಂದು ಅಂತಸ್ತು ಕಟ್ಟಿಬಿಟ್ಟಿದ್ದ. ಎಲ್ಲಕ್ಕಿಂತ ಮೇಲಿರುವುದು ಹಾರ್ಟು. ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಮಾತಾಡುತ್ತ ಮಾತಾಡುತ್ತ ಹೋಗಿಬಿಟ್ಟರಂತೆ ಎಂದರೆ ಮಂತ್ರಿಯ ಸಾವಿಗೂ ನಮ್ಮ ಸಾವಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅದರ ಕೆಳಗೆ ಬ್ರೈನ್ ಹ್ಯಾಮರೇಜು, ಅದು ಬ್ಯಾಂಕು, ಎಲ್‌ಐಸಿಯಲ್ಲಿದ್ದವರಿಗೆ ಒಪ್ಪುತ್ತದೆ. ಕಿಡ್ನಿ ಎಂದರೆ ದೊಡ್ಡ ಊರಿನ ಆಸ್ಪತ್ರೆಗೆ ಸುರಿದಿದ್ದಾರೆ ಎಂಬ ಗೌರವ. ಕ್ಯಾನ್ಸರ್ ಪಿಸುಮಾತು. ಕಾಮಾಲೆ ಎಂದರೆ ಕುಡಿತ. ಟೀಬಿಯನ್ನು ನಿಮೋನಿಯಾ ಎನ್ನಬೇಕು. ನೇಣು ಹಾಕಿಕೊಂಡವರಿಗೆಲ್ಲ ತಾಳಲಾರದ ಹೊಟ್ಟೆನೋವು. ಎಲ್ಲಕ್ಕಿಂತ ಕೆಳಗಿರುವುದಕ್ಕೆ ಹೆಸರೇ ಇಲ್ಲ. ಅದನ್ನು ಕಣ್ಣಿನಲ್ಲಿ ಹೇಳಿ ಕಣ್ಣಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಹಾಗೆ ಕೇಳಿಸಿಕೊಂಡವರು ಮನೆಯವರು ಕೊಟ್ಟ ಕಾಫಿಯನ್ನು ಕುಡಿಯದೆ ಕುರ್ಚಿಯ ಕೆಳಗಿಟ್ಟು ಏಳುತ್ತಾರೆ. ತುಂಬಿದ ಕಾಫಿ ಲೋಟಗಳನ್ನು ನೋಡಿಯೇ ರಂಗಪ್ಪನಿಗೆ ಸಾವಿನ ಕಾರಣ ತಿಳಿಯುತ್ತಿತ್ತು.

ಆ ಕಾಯಿಲೆ ಅವನಿಗೂ ಇತ್ತು. ಹೇಗೆ ಬಂತು ಎಂದು ಅವನು ಹೇಳಲಿಲ್ಲ. ಸಕ್ಕರೆ ಕಾಯಿಲೆಯವರನ್ನು ಎಷ್ಟು ಮೈಸೂರುಪಾಕು ತಿಂದಿರಿ ಎಂದು ಯಾರೂ ಕೇಳುವುದಿಲ್ಲವಲ್ಲ, ನಾವೂ ಕೇಳುವುದು ಬೇಡ. ಮಗಳು ನಯನ ಪ್ರೈಮರಿ ಶಾಲೆಯಲ್ಲಿದ್ದಾಗ ಬಿಡದ ಜ್ವರವೊಂದರಲ್ಲಿ ಗೊತ್ತಾಯಿತು. ಹೆಂಡತಿ ಕಮಲಾಕ್ಷಮ್ಮನ ರಕ್ತ ನೋಡಿಸಿದರೆ ಅವಳಿಗೂ ಇತ್ತು. ಮಗಳಿಗೆ ಇರಲಿಲ್ಲ. ಕಮಲಾಕ್ಷಮ್ಮ ಒಂದು ವಾರ ಮಾತು ಬಿಟ್ಟಳು. ಆಮೇಲೆ ಮಾತ್ರೆಗೆ ಜೊತೆಯಲ್ಲೇ ಹೋಗಿ ಬರೋಣ, ಎರಡು ಸಲ ಸುಳ್ಳು ಹೇಳುವುದು ತಪ್ಪುತ್ತದೆ ಎಂದಳು.

ಮಾತ್ರೆಗೆ ಹೋಗುವುದರಲ್ಲೂ ನಮ್ಮ ಕಡೆ ಒಂದು ಪದ್ಧತಿಯಿದೆ. ಯಾರೂ ತಮ್ಮ ಊರಿನಲ್ಲಿ ತೆಗೆದುಕೊಳ್ಳುವುದಿಲ್ಲ. ಕಡೂರಿನವರು ದಾವಣಗೆರೆಯ ಕಡೆ ರೈಲು ಹತ್ತುತ್ತಾರೆ, ಆ ಕಡೆಯವರು ಈ ಕಡೆಗೆ ಬಂದು ಇಳಿಯುತ್ತಾರೆ. ಸರ್ಕಾರ ಪುಕ್ಕಟೆ ಕೊಡುವ ಮಾತ್ರೆಗೆ ಜನ ತಾವಾಗಿ ಟಿಕೆಟ್ಟಿನ ದಂಡ ಹಾಕಿಕೊಂಡಿದ್ದಾರೆ. ರಂಗಪ್ಪ ಶಾಮಿಯಾನದ ಬಟ್ಟೆ ತರುತ್ತೇನೆಂದು ಹೇಳಿ ಹೋಗುತ್ತಿದ್ದ. ಅಷ್ಟು ವರ್ಷ ಅಷ್ಟು ಸಲ ಬಟ್ಟೆ ತಂದಿದ್ದರೆ ಇಡೀ ತಾಲ್ಲೂಕಿನ ಮೇಲೆ ಒಂದೇ ಪೆಂಡಾಲು ಹಾಕಬಹುದಿತ್ತು. ಕೇಳಿದವರಿಲ್ಲ. ಯಾಕೆ ಕೇಳಲಿಲ್ಲ ಎಂಬ ಯೋಚನೆ ಅವನಿಗೆ ಬರಲಿಲ್ಲ. ತನ್ನ ಸುಳ್ಳು ಅಷ್ಟು ಚೆನ್ನಾಗಿದೆ ಎಂದೇ ಅವನ ಹೆಮ್ಮೆ.

ರೈಲಿನಲ್ಲಿ ನಮ್ಮ ಕಡೆಯ ಇನ್ನೂ ಕೆಲವರು ಸಿಗುತ್ತಿದ್ದರು. ಮೊದಮೊದಲು ಒಬ್ಬರನ್ನೊಬ್ಬರು ಕಂಡರೆ ಕಿಟಕಿಯ ಕಡೆ ತಿರುಗುತ್ತಿದ್ದವರು ಕಾಲ ಕಳೆದಂತೆ ಒಂದೇ ಬೋಗಿಯಲ್ಲಿ ಕೂರತೊಡಗಿದರು. ಕಮಲಾಕ್ಷಮ್ಮ ಎಲ್ಲರಿಗೂ ಆಗುವಷ್ಟು ಚಿತ್ರಾನ್ನ ಕಟ್ಟಿಕೊಂಡು ಬರುತ್ತಿದ್ದಳು. ಆ ಬೋಗಿಯಲ್ಲಿ ಮಾತ್ರ ಅವಳ ಕೈ ಅಡುಗೆಯನ್ನು ಯಾರೂ ಬೇಡ ಎನ್ನುತ್ತಿರಲಿಲ್ಲ. ಶಿವನಿಯಲ್ಲಿ ಹೂವು ಕಟ್ಟಿ ಮಾರುವ ಭಾಗಮ್ಮ ಹತ್ತಿದಳೆಂದರೆ ಸತ್ತವರ ಸುದ್ದಿ ಶುರು. ಬೇರೆಯವರು ಯಾವ ಹುಡುಗಿಗೆ ಎಲ್ಲಿ ಸಂಬಂಧ ಕೂಡಿಬಂತು ಎಂದು ಮಾತಾಡಿದ ಹಾಗೆ ಇವರು ಯಾರು ಯಾವುದರಲ್ಲಿ ಹೋದರು ಎಂದು ಮಾತಾಡುತ್ತಿದ್ದರು.

ತರೀಕೆರೆಯ ಹಜೀರಾಬಿ ಗರ್ಭಕೋಶದ ಕ್ಯಾನ್ಸರಿನಲ್ಲಿ ಹೋಗಿದ್ದರು. ರಕ್ತ ಹೋಗುತ್ತಿದ್ದದ್ದು ಅವರಿಗೆ ಗೊತ್ತಿತ್ತು, ಡಾಕ್ಟರ ಹತ್ತಿರ ಹೋದರೆ ನಾದಿನಿ ಜೊತೆಗೆ ಬರುತ್ತಾಳಲ್ಲ ಎಂದು ಸುಮ್ಮನಿದ್ದರು. ಲಾರಿಗೆ ಹೋಗುತ್ತಿದ್ದ ಒಬ್ಬ ಹೆಂಡತಿಯ ತವರಿನಲ್ಲಿ ಉಳಿಯಬೇಕಾಗಿ ಬಂದು, ಅಲ್ಲಿ ಮಾತ್ರೆ ನುಂಗಲು ಮರೆಯಿಲ್ಲದೆ ಬಿಟ್ಟ. ಟೀಬಿ ಬಂದು ಹೋದ. ಇನ್ನೊಬ್ಬನಿಗೆ ಯಾರೋ ನಾಟಿ ವೈದ್ಯ ಕಷಾಯ ಕೊಟ್ಟು ಇಂಗ್ಲಿಷ್ ಮಾತ್ರೆ ನಿಲ್ಲಿಸು ಎಂದಿದ್ದ. ಮತ್ತೊಬ್ಬನದು ತಾಳಲಾರದ ಹೊಟ್ಟೆನೋವು. ಅಂತರಘಟ್ಟೆಯ ಕಡೆಯವನೊಬ್ಬ ತೆಂಗಿನ ಮರದಿಂದ ಬಿದ್ದು ಸತ್ತ ಸುದ್ದಿ ಬಂದ ದಿನ ಇಡೀ ಬೋಗಿಗೆ ಹೊಟ್ಟೆಕಿಚ್ಚು. ಎಂಥ ಪುಣ್ಯವಂತ, ಪೋಸ್ಟ್‌ಮಾರ್ಟಂ ಆಗಿ ಪೇಪರಿನಲ್ಲಿ ಬಂತು, ಅನುಮಾನಕ್ಕೆ ಜಾಗವೇ ಇಲ್ಲ ಎಂದು ರಂಗಪ್ಪ ಬಾಯಿ ಚಪ್ಪರಿಸಿದ.

ಭಾಗಮ್ಮ ಚಿತ್ರಾನ್ನದ ಕೈ ಒರೆಸಿಕೊಳ್ಳುತ್ತಾ, "ಕಾಯ್ಲೆ ಪಾಪ ಅದರ ಪಾಡಿಗೆ ಮಲ್ಗೈತೆ ಕಣಣ್ಣ. ನಾವು ಮಾತ್ರೆ ಬಚ್ಚಿಡೋ ಜಾಗ ಹುಡ್ಕೀ ಹುಡ್ಕೀ ಸಾಯ್ತೀವಿ," ಎಂದಳು.

ಆಸ್ಪತ್ರೆಯಲ್ಲಿ ಸಮಾಲೋಚಕಿಯಾಗಿದ್ದ ಸುಮನಾ ಎಂಬಾಕೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೇ ಸಿಗದಷ್ಟು ಇಳಿದಿದೆ, ಹೀಗೆ ಮಾತ್ರೆ ತಪ್ಪಿಸದಿದ್ದರೆ ಇದರಿಂದ ನೀವು ಸಾಯುವುದಿಲ್ಲ ಎಂದರು. ರಂಗಪ್ಪ ಮುಂದಕ್ಕೆ ಬಾಗಿ, ಹಾಗಾದರೆ ಯಾವುದರಿಂದ ಸಾಯುತ್ತೇನೆ ಎಂದು ಕೇಳಿದ. ಆಕೆ ನಕ್ಕು, ಎಲ್ಲರೂ ಸಾಯುವುದರಿಂದಲೇ, ಬೀಡಿ ಬಿಡಿ, ಬಿ.ಪಿ. ಜಾಸ್ತಿ ಇದೆ, ಎದೆ ಪರೀಕ್ಷೆಯನ್ನು ಹತ್ತಿರದ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಿ, ಹೃದಯದ ಮೇಲೆ ಕಣ್ಣಿರಲಿ ಎಂದರು.

"ಹಾರ್ಟು ಅಂತೀರಾ ಮೇಡಂ?" ಎಂದು ರಂಗಪ್ಪ ಕೇಳಿದ ದನಿಯಲ್ಲಿದ್ದ ಸಂತೋಷವನ್ನು ಕಂಡು ಆಕೆ ಗಾಬರಿಯಾದರಂತೆ. ಇದನ್ನೆಲ್ಲ ನನಗೆ ಹೇಳಿದವಳು ಕಮಲಾಕ್ಷಮ್ಮ. ಆ ದಿನ ವಾಪಸ್ ಬರುವಾಗ ರೈಲಿನಲ್ಲಿ ಅವನು ಮದುವಣಿಗನ ಹಾಗೆ ಕೂತಿದ್ದ ಎಂದೂ ಅವಳೇ ಹೇಳಿದಳು. ಬೀಡಿಯನ್ನು ಬಿಡಲಿಲ್ಲ. ಎದೆಯ ಪರೀಕ್ಷೆಯನ್ನೂ ಮಾಡಿಸಲಿಲ್ಲ. ಹತ್ತಿರದ ಆಸ್ಪತ್ರೆ ಎಂದರೆ ಕಡೂರಿನದು, ಅಲ್ಲಿ ಯಾವ ಮಾತ್ರೆ ತಗೊಳ್ತಿದ್ದೀರಿ ಎಂದು ಕೇಳುತ್ತಾರೆ.

ಅವನ ಭಯಕ್ಕೆ ಈಗ ಇನ್ನೊಂದು ಕಾರಣವೂ ಹುಟ್ಟಿತ್ತು. ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ನಯನಳಿಗೆ ಸಖರಾಯಪಟ್ಟಣದ ಲಕ್ಷ್ಮಣಪ್ಪನವರ ಮಗ ಸತೀಶನ ಜೊತೆ ಮದುವೆ ಗೊತ್ತಾಗಿತ್ತು. ಲಕ್ಷ್ಮಣಪ್ಪ ತೆಂಗಿನ ತೋಟದವರು. ನಾಲ್ಕು ಜನರ ಮಧ್ಯೆ ಕೂತರೆ ಐದನೆಯವರಿಗೆ ಮಾತಾಡಲು ಬಿಡದವರು. ಹುಡುಗ ಹುಡುಗಿ ಒಪ್ಪಿಕೊಂಡಿದ್ದರು, ತಾಂಬೂಲ ಬದಲಾಗಿತ್ತು, ಆಷಾಢ ಕಳೆದ ಮೇಲೆ ಮುಹೂರ್ತ. ಅಲ್ಲಿಯವರೆಗೆ ಗುಟ್ಟು ಉಳಿಯಬೇಕು, ಅಕಸ್ಮಾತ್ ತಾನು ಅದಕ್ಕೆ ಮೊದಲೇ ಹೋಗಿಬಿಟ್ಟರೆ ಕಮಲಾಕ್ಷಮ್ಮ ಬೀಗರ ಮುಂದೆ ಬಾಯಿ ತುಂಬ ಹೇಳುವಂಥ ಸಾವಾಗಬೇಕು. ರಂಗಪ್ಪನಿಗೆ ಜೀವನದಲ್ಲಿ ಉಳಿದ ಆಸೆ ಇಷ್ಟೇ. ಲಕ್ಷ್ಮಣಪ್ಪನವರ ಅಕ್ಕನ ಮಗಳು ಕಡೂರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಳೆಂದು ತಿಳಿದ ಮೇಲಂತೂ ಅವನು ಆ ರಸ್ತೆಯಲ್ಲಿ ಟೆಂಪೋ ಓಡಿಸುವುದನ್ನೂ ಬಿಟ್ಟ.

ಆಷಾಢಕ್ಕೆ ಮೊದಲಿನ ಕೊನೆಯ ಮದುವೆಯೊಂದು ಅಜ್ಜಂಪುರದಲ್ಲಿತ್ತು. ಪೆಂಡಾಲು ರಂಗಪ್ಪನದು, ಜನರೇಟರು ಮತ್ತು ದೀಪದ ಸರ ಅಬ್ದುಲ್ ರಹೀಮನದು. ಇಬ್ಬರೂ ಹುಡುಗರಾಗಿದ್ದಾಗಿನಿಂದ ಒಂದೇ ಮನೆಗೆ ಒಬ್ಬ ನೆರಳು ಒಬ್ಬ ಬೆಳಕು ಕೊಟ್ಟುಕೊಂಡು ಬಂದವರು. ಬೆಳಿಗ್ಗೆ ಮುಂಬಾಗಿಲಿನ ಕಮಾನು ಕಟ್ಟುತ್ತಿದ್ದ ರಂಗಪ್ಪ ಏಣಿಯಿಂದ ಇಳಿದು ಬಂದು ಕುರ್ಚಿಯ ಮೇಲೆ ಕೂತ. ಎಡತೋಳು ಹಿಡಿದುಕೊಂಡಿದ್ದ, ಬಿಳಿ ಅಂಗಿ ಬೆವರಿನಲ್ಲಿ ಮೈಗೆ ಅಂಟಿತ್ತು. ಗ್ಯಾಸು ಎಂದ. ರಹೀಮ ಸೋಡಾ ತರಿಸಿದ. ಸೋಡಾ ವಾಂತಿಯಾಯಿತು. ರಹೀಮ ಆಟೋ ನಿಲ್ಲಿಸಿ, ಇಲ್ಲಿಯ ಆಸ್ಪತ್ರೆಗೆ ನಡಿ ಎಂದ. ರಂಗಪ್ಪ ಆಗುವುದಿಲ್ಲ ಎಂದ. ಕಡೂರಿಗೆ ಹೋಗೋಣವೆಂದರೆ ಅದೂ ಬೇಡ, ತರೀಕೆರೆಯೂ ಬೇಡ. ಇನ್ನೇನು ರೈಲು ಬರುತ್ತದೆ, ತನ್ನ ಡಾಕ್ಟರು ಇರುವಲ್ಲಿಗೇ ಹೋಗಬೇಕೆಂದು ಹಟ ಹಿಡಿದ.

ರಹೀಮ ಆಟೋದವನನ್ನು ಆಚೆ ಕಳಿಸಿ ಹತ್ತಿರ ಬಂದ. "ಲೇ ರಂಗಣ್ಣ, ನೀನು ಎಲ್ಲಿಗೆ ಹೋಗ್ತೀಯ, ಏನು ತರ್ತೀಯ, ನಂಗೆ ಗೊತ್ತು ಕಣೋ. ನಿನ್ನ ಮಗಳು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಗೊತ್ತು. ಈಗ ಸುಮ್ನೆ ಆಟೋ ಹತ್ತು."

ರಂಗಪ್ಪ ಅವನನ್ನು ದಿಟ್ಟಿಸಿ ನೋಡಿದ. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಬಚ್ಚಿಟ್ಕೊಂಡಿದ್ದೆ. ನಿನ್ನ ಮರ್ಯಾದೆ ಕಳೀಬಾರ್ದು ಅಂತ ಬಿಟ್ಟೆ."

"ನಿಂಗೆ ಗೊತ್ತಿದ್ರೆ ನೀನೊಬ್ಬ. ಅಲ್ಲಿ ಹೋದ್ರೆ ಬೀಗ್ರಿಗೆ ಗೊತ್ತಾಗ್ತದೆ ಸಾಬ್ರೆ. ಮದುವೆ ಆಗೋಗ್ಲಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಎತ್ತಾಕ್ಕೊಂಡೋಗು," ಎಂದ ರಂಗಪ್ಪ.

ಎತ್ತಿ ಹಾಕಿಕೊಂಡು ಹೋಗಬೇಕಿತ್ತು ಎಂದು ರಹೀಮ ಇವತ್ತಿಗೂ ಹೇಳುತ್ತಾನೆ. ಎತ್ತಲಿಲ್ಲ. ಅವನಿಗೂ ಗೆಳೆಯನ ಮರ್ಯಾದೆ ದೊಡ್ಡದಾಗಿ ಕಂಡಿತು. ಇಬ್ಬರೂ ರೈಲು ಹತ್ತಿದರು. ಶಿವನಿ ಬರುವುದಕ್ಕೆ ಸ್ವಲ್ಪ ಮೊದಲು ರಂಗಪ್ಪ ರಹೀಮನ ಹೆಗಲಿಗೆ ತಲೆಯೊರಗಿಸಿದ, ಶಿವನಿಯಲ್ಲಿ ಎಬ್ಬಿಸಿದರೆ ಏಳಲಿಲ್ಲ. ಇಳಿಸಿಕೊಂಡು ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಒಯ್ದದ್ದಾಯಿತು. ಡಾಕ್ಟರು ನೋಡಿ ಹಾರ್ಟ್ ಅಟ್ಯಾಕ್ ಎಂದರು, ಎರಡು ಗಂಟೆ ಮೊದಲು ಎಲ್ಲಾದರೂ ತೋರಿಸಿದ್ದರೆ ಉಳಿಯುತ್ತಿದ್ದರೇನೋ ಎಂದರು. ಅಂತೂ ರಂಗಪ್ಪ ಆಸೆಪಟ್ಟ ಸಾವನ್ನೇ ಸತ್ತ.

ಅವನ ಪೆಂಡಾಲನ್ನೇ ಅವನ ಮನೆಯ ಮುಂದೆ ರಹೀಮ ಕಟ್ಟಿದ. ಊರು ಬಂತು. ಕೇಳಿದವರಿಗೆಲ್ಲ ಕಮಲಾಕ್ಷಮ್ಮ ಗಂಡ ಹೇಳಿಕೊಟ್ಟ ಹಾಗೆ ದನಿ ಇಳಿಸದೆ ಹಾರ್ಟು ಎಂದಳು. ಕೇಳಿದವರು ತಕ್ಷಣ ತಲೆ ಆಡಿಸಿದರು. ಯಾವಾಗ, ಎಷ್ಟು ಹೊತ್ತಿಗೆ, ಮೊದಲು ಎದೆನೋವು ಇತ್ತಾ, ಒಬ್ಬರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ನಿಜವಾಗಿ ಹಾರ್ಟಿನಲ್ಲಿ ಹೋದವರ ಮನೆಯಲ್ಲಿ ಜನ ಇಷ್ಟು ಬೇಗ ತೃಪ್ತರಾಗುವುದಿಲ್ಲ. ಹೆಣ ಎತ್ತಿದ ಮೇಲೆ ರಹೀಮ ಕುರ್ಚಿ ಮಡಿಸಲು ಹೋದರೆ ಸಾಲಿಗೆ ಸಾಲು ಕುರ್ಚಿಗಳ ಕೆಳಗೆ ಕಾಫಿ ಕೆನೆ ಕಟ್ಟಿಕೊಂಡು ನಿಂತಿತ್ತು. ಇಷ್ಟು ವರ್ಷ ಶಾಮಿಯಾನದ ಬಟ್ಟೆಯ ಬಗ್ಗೆ ಯಾರೂ ಯಾಕೆ ವಿಚಾರಿಸಲಿಲ್ಲವೆಂದು ಕಮಲಾಕ್ಷಮ್ಮನಿಗೆ ಆಗ ಅರ್ಥವಾಯಿತು. ಊರಿಗೆ ಊರೇ ಗೊತ್ತಿಲ್ಲದ ಹಾಗೆ ನಟಿಸಿ ಅವರಿಗೆ ಉಪಕಾರ ಮಾಡಿತ್ತು. ಆ ಉಪಕಾರಕ್ಕೆ ತಕ್ಕ ಹಾಗೆ ಅವರೂ ನಟಿಸಿದ್ದರು.

ಹಾರ್ಟು ಎಂಬ ಮಾತನ್ನು ಮನಸಾರೆ ನಂಬಿದವರು ಒಬ್ಬರೇ, ಲಕ್ಷ್ಮಣಪ್ಪ. ತಿಥಿಯ ದಿನ ಬಂದರು. ಊಟ ಮಾಡಿದರು, ಪಾಯಸ ಎರಡನೆಯ ಸಲ ಹಾಕಿಸಿಕೊಂಡರು, ಆಮೇಲೆ ಕಮಲಾಕ್ಷಮ್ಮನನ್ನು ಒಳಗೆ ಕರೆದು ಮಂಚದ ಮೇಲೆ ಕೂತರು. ನಯನ ಬಾಗಿಲಿಗೊರಗಿ ನಿಂತಿದ್ದಳು.

"ನೋಡು ತಾಯಿ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ಬೀಗ್ರು ಎಲ್ಲಿಂದ ಮಾತ್ರೆ ತತ್ತಿದ್ರು ಅನ್ನೋದು ಹೆಣ್ಣು ನೋಡಾಕೆ ಬರೋಕೆ ಮುಂಚೇನೇ ನಂಗೆ ಗೊತ್ತಿತ್ತು."

ಹೊರಗಿನವರಿಗೆ ಕೇಳಿಸಿತೇನೋ ಎಂದು ಕಮಲಾಕ್ಷಮ್ಮ ಬಾಗಿಲ ಕಡೆ ನೋಡಿದಳು.

"ಗಾಬರಿ ಬೀಳ್ಬ್ಯಾಡ. ನನ್ನ ಖಾಸಾ ತಮ್ಮ ಅದೇ ಮಾತ್ರೆ ನುಂಗ್ತಾನೆ. ಎತ್ತಿದ್ದಂಗವ್ನೆ, ದಿನಾ ತೋಟದಾಗೆ ಗೇಯ್ತಾನೆ. ಹುಡುಗಿಗೆ ಏನೂ ಇಲ್ಲ ಅಂತಾನೂ ವಿಚಾರ್ಸಿದ್ದೆ. ಅದಕ್ಕೆ ಸುಮ್ನಿದ್ದೆ. ನನ್ನ ಜಾಗದಾಗೆ ಬೇರೆಯೋರಿದ್ದಿದ್ರೆ ಊರೆಲ್ಲಾ ಸಾರೋರು." ತಮ್ಮ ದೊಡ್ಡತನ ಕಂಡಿತೋ ಇಲ್ಲವೋ ಎಂಬಂತೆ ಅವರು ತಾಯಿ ಮಗಳಿಬ್ಬರನ್ನೂ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡು, "ಆದ್ರೆ ಈ ಹಾರ್ಟು ಐತಲ್ಲ, ಅದು ಹಂಗಲ್ಲ. ಅದು ವಂಶದಾಗೆ ಬತ್ತದೆ. ನಮ್ಮ ಮನ್ಯಾಗೂ ನಮ್ಮಪ್ಪ, ದೊಡ್ಡಪ್ಪ ಇಬ್ರೂ ಅದ್ರಾಗೇ ಹೋದ್ರು. ಎರಡು ಕಡೆಯಿಂದ್ಲೂ ಅದೇ ಆದ್ರೆ ನಾಳೆ ಹುಟ್ಟೋ ಮಕ್ಕಳ ಗತಿ ಏನು ಹೇಳು? ಸತೀಶಂಗೆ ಹೇಳಿವ್ನಿ. ಈ ಸಂಬಂಧ ಇಲ್ಲಿಗೇ ಬಿಟ್ಬಿಡಾನ," ಎಂದರು.

ಸತೀಶ ಏನು ಹೇಳಿದ ಎಂದು ನಯನ ಕೇಳಲಿಲ್ಲ. ಹೊರಗೆ, ಅವರು ಬಂದ ಗಾಡಿಯಲ್ಲೇ ಅವನು ಕೂತಿದ್ದ, ಇಳಿದಿರಲಿಲ್ಲ. ಅವಳು ಒಳಗಿನ ಕೋಣೆಗೆ ಹೋದಳು.

ಕಮಲಾಕ್ಷಮ್ಮ ಲಕ್ಷ್ಮಣಪ್ಪನವರ ಕಡೆ ತಿರುಗಿದಳು. "ಗೊತ್ತೈತೆ ಅಂತ ಅವ್ರಿಗೆ ಒಂದು ಮಾತು ಹೇಳಿದ್ರೆ ಸಾಕಿತ್ತು. ಅಜ್ಜಂಪುರದಾಗೇ ಆಟೋ ಹತ್ತೋರು. ಬದುಕಿರೋರು."

"ಅದೆಲ್ಲಾ ಬಾಯಿ ಬಿಟ್ಟು ಹೇಳೋ ಮಾತೇನಮ್ಮ?" ಎಂದರು ಲಕ್ಷ್ಮಣಪ್ಪ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಇಷ್ಟು ದಿನ ಗುಟ್ಟು ಕಾಪಾಡಿದ್ದಕ್ಕೆ ಒಂದು ಒಳ್ಳೆಯ ಮಾತಾದರೂ ಸಿಗಬಹುದೆಂದು ಎಣಿಸಿದ್ದರು. ಅಡುಗೆ ಚೆನ್ನಾಗಿತ್ತೆಂದು ಹೊರಗಿದ್ದವರಿಗೆ ಹೇಳಿ ಗಾಡಿ ಹತ್ತಿದರು.

ಮುಂದಿನ ಸೋಮವಾರ ಕಮಲಾಕ್ಷಮ್ಮ ಮಗಳನ್ನು ಕರೆದುಕೊಂಡು ಕಡೂರಿನ ಆಸ್ಪತ್ರೆಗೇ ಹೋದಳು. ಸಂತೆಯ ದಿನ. ಸುತ್ತಿನ ಹಳ್ಳಿಯವರೆಲ್ಲ ಸಂತೆಗೆ ಬಂದವರು ಹಾಗೇ ಡಾಕ್ಟರಿಗೂ ತೋರಿಸಿಕೊಂಡು ಹೋಗೋಣವೆಂದು ಸೇರಿ, ಸಾಲು ವರಾಂಡ ದಾಟಿ ಮೆಟ್ಟಿಲಿಳಿದಿತ್ತು. ಅದರಲ್ಲಿ ಅವಳ ಬೀದಿಯವರಿದ್ದರು, ನೆಂಟರಿದ್ದರು, ಗಂಡನ ಪೆಂಡಾಲಿನ ಕೆಳಗೆ ಮದುವೆಯಾದವರಿದ್ದರು. ಲಕ್ಷ್ಮಣಪ್ಪನವರ ಅಕ್ಕನ ಮಗಳು ಸಾಲಿನುದ್ದಕ್ಕೂ ಚೀಟಿ ಬರೆಯುತ್ತ ಬಂದವಳು ಇವಳನ್ನು ಕಂಡು ತಡವರಿಸಿದಳು. ಏನು ತೊಂದರೆ ಎಂದು ಎಲ್ಲರನ್ನೂ ಕೇಳುವ ಹಾಗೆಯೇ, ಆದರೆ ಬಹಳ ಮೆಲ್ಲಗೆ ಕೇಳಿದಳು.

"ನಂಗೆ ಎಚ್‌ಐವಿ ಐತೆ ಸಿಸ್ಟರ್. ಅದಕ್ಕೆ ಮಾತ್ರೆ ನಡೀತೈತೆ, ಅದರದೇನೂ ತೊಂದ್ರೆ ಇಲ್ಲ," ಎಂದಳು ಕಮಲಾಕ್ಷಮ್ಮ, ಸಂತೆಯಲ್ಲಿ ಸೊಪ್ಪಿನ ಬೆಲೆ ಕೇಳುವ ದನಿಯಲ್ಲಿ. "ಮೆಟ್ಲು ಹತ್ತಿದ್ರೆ ಎದೆ ಹಿಡಿದಂಗಾಗ್ತದೆ. ಅದನ್ನ ತೋರ್ಸಕ್ಕೆ ಬಂದಿವ್ನಿ."

ಮುಂದಿದ್ದವನೊಬ್ಬ ಮಗುವನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದ. ಅವನ ಮುಂದಿನವರು ಸರಿದರು, ಅವರ ಮುಂದಿನವರೂ ಸರಿದರು. ಮೆಟ್ಟಿಲಿನಿಂದ ಡಾಕ್ಟರ ಬಾಗಿಲಿನವರೆಗೆ ದಾರಿ ಬಿಟ್ಟುಕೊಂಡಿತು. ಮಧ್ಯಾಹ್ನದವರೆಗೆ ಕಾಯಬೇಕೆಂದು ರೊಟ್ಟಿ ಕಟ್ಟಿಕೊಂಡು ಬಂದಿದ್ದ ಕಮಲಾಕ್ಷಮ್ಮ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ನಡೆದಳು. ಬಾಗಿಲ ಹತ್ತಿರ ಬಂದಾಗ ಮಗಳ ಕಡೆ ತಿರುಗಿ ಮೆಲ್ಲಗೆ, "ಇಷ್ಟು ಬೇಗ ಒಳಕ್ಕೆ ಬಿಡ್ತಾರೆ ಅಂತ ಗೊತ್ತಿದ್ರೆ ನಿಮ್ಮಪ್ಪನ್ನೂ ಕರ್ಕೊಂಡು ಬತ್ತಿದ್ದೆ ಕಣೇ," ಎಂದಳು.